ಪಿಕಪ್ ಹಿಂದಿನ ಸೀಟ್ ಬಿಚ್ಚೋಕಾಗ್ತಿಲ್ಲ, ಪಂಪ್ ಮತ್ತೆ ಕ್ಯಾಮೆರಾ ವೈರ್ ಎಳೀಬೇಕು

ಹಾನುಬಾಳು ತೋಟ:
ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲೂಕು, ಹಾನುಬಾಳು ಕಡೆಯವನು. ಗಾಡಿ ಡಬಲ್ ಕ್ಯಾಬ್ ಡೀಸೆಲ್ ಪಿಕಪ್, ಸೆಕೆಂಡ್ಸಲ್ಲಿ ತಗೊಂಡಿದ್ದು. ಮಳೆ ಹಿಡಿಯೋಕೆ ಮುಂಚೆ ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲೆಸಿದ ಔಷಧಿ) ಹೊಡೆಯೋ ಟೈಮಲ್ಲಿ ಹಿಂದೆ ಡ್ರಮ್ ಇಟ್ಕೊಂಡು ಹೋಗ್ತೀವಿ, ಹಳ್ಳದಿಂದ ಡ್ರಮ್ಮಿಗೆ ನೀರು ಎತ್ತೋಕೆ ಅಂತ ಎರಡು 12 ವೋಲ್ಟ್ ಪಂಪ್ ತಂದಿದೀನಿ, ಒಂದೊಂದು 8 ಆಂಪ್ ಅಂತ ಅದರ ಮೇಲೇ ಬರ್ದಿದೆ. ಜೊತೆಗೆ ಒಂದು ರಿವರ್ಸ್ ಕ್ಯಾಮೆರಾ, ಡ್ರಮ್ ಇಟ್ರೆ ಹಿಂದೆ ಏನೂ ಕಾಣಲ್ಲ. ಮನೆ ವೈರಿಂಗ್ ಮಾಡ್ಸಿ ಉಳಿದಿರೋ 2.5 ಸ್ಕ್ವೇರ್ ಎಂಎಂ ವೈರ್ ಇದೆ, ಅದನ್ನ ಬ್ಯಾಟರಿಯಿಂದ ಡ್ಯಾಶ್‌ಬೋರ್ಡ್ ಸ್ವಿಚ್ಚಿಗೆ ತಂದು, ಅಲ್ಲಿಂದ ಕಾರ್ಪೆಟ್ ಕೆಳಗೆ ಹಾಯ್ಸಿ ಹಿಂದಿನ ಸೀಟ್ ಹಿಂದೆ ಹೊರಗೆ ತೆಗೆಯೋಣ ಅಂತ ಪ್ಲಾನ್. ಕೂರೋ ಭಾಗ ಬಿಚ್ಚಾಯ್ತು, ಒರಗೋ ಭಾಗ ಮಾತ್ರ ಜಪ್ಪಯ್ಯ ಅಂದ್ರೂ ಬರ್ತಿಲ್ಲ, ಅಲ್ಲಾಡುತ್ತೆ ಆದ್ರೆ ಬೋಲ್ಟೇ ಕಾಣ್ತಿಲ್ಲ. ಹಳೇ ಓನರ್ ಫುಲ್ ರೆಕ್ಸಿನ್ ಕವರ್ ಹೊಲಿಸಿ ನೆಲಕ್ಕೂ ದಪ್ಪ ಮ್ಯಾಟ್ ಅಂಟಿಸಿದಾರೆ. ಯಾರಾದ್ರೂ ಬಿಚ್ಚಿದೀರಾ?

ಆಲ್ದೂರು ಗಾಡಿ:
ಸಬ್ಬಲ್ ಹಾಕಿ ಮೀಟಿ ಬರುತ್ತೆ 😄

ಬಿಎಂ ರೋಡ್ ಎಲೆಕ್ಟ್ರಿಷಿಯನ್:
ಸಬ್ಬಲ್ ಗಿಬ್ಬಲ್ ಏನೂ ಬೇಡ ಗುರು, ಹಿಂದಿನ ಗೋಡೆ ತಗಡು ಸೊಟ್ಟ ಆಗುತ್ತೆ ಆಮೇಲೆ ಸೀಟ್ ಲಾಕ್ ಕೂರಲ್ಲ. ಬೋಲ್ಟ್ ಇದ್ದೇ ಇರುತ್ತೆ, ಮ್ಯಾಟ್ ಅದನ್ನ ಮುಚ್ಚಿರುತ್ತೆ. ಒರಗೋ ಭಾಗದ ಕೆಳಗಿನ ಅಂಚಲ್ಲಿ, ನೆಲ ಗೋಡೆ ಸೇರೋ ಮೂಲೇಲಿ ಕೈ ಆಡ್ಸಿ ನೋಡಿ, ಗಟ್ಟಿ ಉಬ್ಬು ಸಿಗುತ್ತೆ, ಅಲ್ಲಿ ಮ್ಯಾಟನ್ನ ಬ್ಲೇಡಲ್ಲಿ ಮೂರು ಕಡೆ ಮಾತ್ರ ಕೊಯ್ದು ಮಡಚಿ, ಪೂರ್ತಿ ಕಿತ್ತು ಹಾಕ್ಬೇಡಿ. ಹೆಚ್ಚಿನ ಡಬಲ್ ಕ್ಯಾಬಲ್ಲಿ ಕೆಳಗೆ ಬೋಲ್ಟ್, ಮೇಲೆ ಕೊಕ್ಕೆ. ಕೆಳಗಿಂದು ಬಿಚ್ಚಿದ ಮೇಲೆ ಮುಂದಕ್ಕೆ ಎಳೆದ್ರೆ ಜನ್ಮದಲ್ಲಿ ಬರಲ್ಲ, ನೇರ ಮೇಲಕ್ಕೆ ಎತ್ಬೇಕು. ಕೆಲವು ಗಾಡೀಲಿ ಮೇಲ್ಗಡೆ ಒಂದು ಬಟ್ಟೆ ಪಟ್ಟಿ ಇರುತ್ತೆ, ಅದನ್ನ ಎಳೆದ್ರೆ ಲಾಕ್ ಬಿಡುತ್ತೆ, ನಿಮ್ಮ ರೆಕ್ಸಿನ್ ಹೊಲಿದೋನು ಅದನ್ನ ಒಳಗೆ ಸೇರ್ಸಿ ಹೊಲಿದಿರ್ಬೋದು, ಅದನ್ನೂ ನೋಡಿ.

ಸೀಟ್ ಬೆಲ್ಟ್ ಬೋಲ್ಟ್ ಕೆಲವು ಸಲ ಸೀಟ್ ಬ್ರಾಕೆಟ್ ಜೊತೇಲೇ ಇರುತ್ತೆ. ಅದು ಸ್ಟಾರ್ ತಲೆ ಬೋಲ್ಟ್ ಆಗಿದ್ರೆ ಸರಿಯಾದ ಸ್ಟಾರ್ ಬಿಟ್ ತಗೊಂಡೇ ಕೈ ಹಾಕಿ, ಅಲೆನ್ ಕೀ ತುರುಕಿದ್ರೆ ತಲೆ ಉರುಟಾಗಿ ಹೋಗುತ್ತೆ. ವಾಪಸ್ ಹಾಕುವಾಗ ಮೊದಲು ಕೈಯಲ್ಲೇ ತಿರುಗಿಸಿ ಥ್ರೆಡ್ ಹಿಡಿದ ಮೇಲೇ ರಾಟ್ಚೆಟ್, ಆಮೇಲೆ ಟಾರ್ಕ್ ವ್ರೆಂಚಲ್ಲಿ ಗಾಡಿ ಮ್ಯಾನ್ಯುಯಲ್‌ನಲ್ಲಿ ಇರೋ ಅಷ್ಟು ಬಿಗಿ. ಬೇರೆ ಬೋಲ್ಟ್ ಹೆಂಗಾದ್ರೂ ಇರ್ಲಿ, ಬೆಲ್ಟ್ ಬೋಲ್ಟಲ್ಲಿ ಅಂದಾಜು ಬೇಡ. ಕೆಲಸ ಶುರು ಮಾಡೋಕೆ ಮುಂಚೆ ಬ್ಯಾಟರಿ ನೆಗೆಟಿವ್ ತೆಗೀರಿ, ಮತ್ತೆ ಮುಂದಿನ ಸೀಟ್ ಕೆಳಗೆ ಹಳದಿ ಕನೆಕ್ಟರ್ ಕಂಡ್ರೆ ಮುಟ್ಬೇಡಿ, ಅದು ಏರ್‌ಬ್ಯಾಗ್ ಲೈನು.

ಮೂಡಿಗೆರೆ ಮಾರಾಯ:
ಸೀಟ್ ವಿಷಯ ಸರಿ. ನಂಗೆ ಅದಕ್ಕಿಂತ ಅವ್ರ ಪ್ಲಾನೇ ಸರಿ ಕಾಣ್ತಿಲ್ಲ ಮಾರಾಯ್ರೆ. ಪಂಪಿನ ದಪ್ಪ ವೈರ್ ಕ್ಯಾಬ್ ಒಳಗೆ ಯಾಕೆ ಬೇಕು? 16 ಆಂಪ್ ಡ್ಯಾಶ್‌ಬೋರ್ಡ್ ಸ್ವಿಚ್ಚಲ್ಲಿ ಹಾಯ್ಸಿದ್ರೆ ಸ್ವಿಚ್ ಬಿಸಿ, ಕಾರ್ಪೆಟ್ ಕೆಳಗೆ ಕಾಲಲ್ಲಿ ತುಳಿದು ಇನ್ಸುಲೇಶನ್ ಹೋದ್ರೆ ಇನ್ನೊಂದು ತಲೆನೋವು. ದಪ್ಪ ವೈರ್ ಬಾನೆಟ್ ಒಳಗಿಂದ ಕೆಳಗಿಳಿಸಿ ಚಾಸಿ ಪಕ್ಕ ಹಿಂದಕ್ಕೆ ಹೋಗ್ಲಿ, ಸೈಲೆನ್ಸರ್ ಇಲ್ಲದ ಸೈಡಲ್ಲಿ. ಬಾನೆಟ್ ಒಳಗೇ ಒಂದು 40 ಆಂಪ್ ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟ್ ಆನ್ ಆಫ್ ಮಾಡೋ ಸ್ವಿಚ್) ಇಡಿ, ಸ್ವಿಚ್‌ಗೆ ಬರೋದು ಬರೀ ಸಣ್ಣ ವೈರ್, ಅದನ್ನ ಡ್ರೈವರ್ ಕಾಲ ಹತ್ರ ಇರೋ ರಬ್ಬರ್ ಬುಷ್ಷಲ್ಲಿ ಒಳಗೆ ತರ್ಬೋದು. ರಿಲೇ ಪಿನ್ ಮೇಲೆ ನಂಬರ್ ಇರುತ್ತೆ, 30ಕ್ಕೆ ಬ್ಯಾಟರಿ, 87 ಪಂಪಿಗೆ, 86 ಸ್ವಿಚ್ಚಿಂದ, 85 ಅರ್ತು, ಅಷ್ಟೇ. ಸ್ವಿಚ್‌ಗೆ ಕರೆಂಟ್ ಕೀ ಆನ್ ಆದಾಗ ಮಾತ್ರ ಬರೋ ಫ್ಯೂಸಿಂದ ತಗೊಳ್ಳಿ, ಇಲ್ಲಾಂದ್ರೆ ಕೆಲಸದ ಹುಡುಗರು ಪಂಪ್ ಆನಲ್ಲೇ ಬಿಟ್ಟು ಕೀ ತೆಗೆದು ಊಟಕ್ಕೆ ಹೋದ್ರೆ ಸಾಯಂಕಾಲ ಗಾಡಿ ತಳ್ಬೇಕು. ಫ್ಯೂಸ್ 25 ಆಂಪು, ಬ್ಯಾಟರಿ ಪ್ಲಸ್ಸಿಂದ ಒಂದು ಗೇಣಿನ ಒಳಗೇ ಇರ್ಲಿ, ಪಂಪ್ ಹತ್ರ ಹಾಕಿದ್ರೆ ಮಧ್ಯದಲ್ಲಿ ವೈರ್ ಚಾಸಿಗೆ ತಾಗಿದಾಗ ಅದರಿಂದ ಏನೂ ಉಪಯೋಗ ಇಲ್ಲ.

2.5 ವೈರ್ ಬೇಡವೇ ಬೇಡ. ಮೀಟರಿಗೆ ಹೆಚ್ಚುಕಮ್ಮಿ 7.4 ಮಿಲಿ ಓಮ್, ಹೋಗೋದು 5 ಮೀಟರ್ ಬರೋದು 5 ಮೀಟರ್ ಅಂತ ಹಿಡಿದ್ರೆ 16 ಆಂಪಿಗೆ 1.2 ವೋಲ್ಟ್ ವೈರಲ್ಲೇ ಹೋಯ್ತು, ಪಂಪ್ ಸುಸ್ತಾಗಿ ತಿರುಗುತ್ತೆ. 6 ಸ್ಕ್ವೇರ್ ಹಾಕಿದ್ರೆ ಅರ್ಧ ವೋಲ್ಟ್ ಅಷ್ಟೇ. ನೆಗೆಟಿವ್ ಕೂಡ ಬ್ಯಾಟರಿಯಿಂದಲೇ ತನ್ನಿ, ಹಿಂದಿನ ಬಾಡಿಗೆ ಸ್ಕ್ರೂ ಹೊಡೆದು ಅರ್ತ್ ತಗೋಬೇಡಿ, ಯಾಕಂದ್ರೆ ನಿಮ್ಮ ಡ್ರಮ್ಮಲ್ಲಿ ಇರೋದು ಮೈಲುತುತ್ತ, ಅಂದ್ರೆ ಕಾಪರ್ ಸಲ್ಫೇಟ್. ಅದು ಕಬ್ಬಿಣದ ಮೇಲೆ ಬಿದ್ರೆ ಕಬ್ಬಿಣ ತಿನ್ನುತ್ತೆ, ತಾಮ್ರ ಅಲ್ಲಿ ಕೂರುತ್ತೆ, ಬೋರ್ಡೋ ಕಲೆಸೋಕೆ ಪ್ಲಾಸ್ಟಿಕ್ ಡ್ರಮ್ ಇಡೋದೇ ಅದಕ್ಕೆ. ಸುಣ್ಣ ಸೇರೋ ಮುಂಚಿನ ನೀರಂತೂ ಬಲು ಕೆಟ್ಟದು. ಪಂಪಿನ ಸಾಕೆಟನ್ನ ಡ್ರಮ್ಮಿಂದ ದೂರ, ಬಾಡಿ ಮುಂಭಾಗದಲ್ಲಿ ಎತ್ತರದಲ್ಲಿ, ಮುಚ್ಚಳ ಇರೋದು, ಬಾಯಿ ಕೆಳಗೆ ಮಾಡಿ ಕೂರಿಸಿ.

ಹಾನುಬಾಳು ತೋಟ:
ಅಯ್ಯೋ ಒಳ್ಳೇದಾಯ್ತು ಅಣ್ಣ ಹೇಳಿದ್ದು. ಹಂಗಾದ್ರೆ ಸೀಟ್ ಬಿಚ್ಚೋದೇ ಬೇಡ್ವಾ?

ಮೂಡಿಗೆರೆ ಮಾರಾಯ:
ಕ್ಯಾಮೆರಾಗೆ ಬೇಕಲ್ಲ. ಅದರ ಕೇಬಲ್ ಹಿಂದಿಂದಲೇ ಬರ್ಬೇಕು.

ಹಾನುಬಾಳು ತೋಟ:
ಸೀಟ್ ಬಂತು! ಮ್ಯಾಟ್ ಕೆಳಗೇ ಇತ್ತು ಬೋಲ್ಟು, ಎರಡೂ ಮೂಲೇಲಿ, ಆಮೇಲೆ ಮೇಲಕ್ಕೆ ಎತ್ತಿದ್ ತಕ್ಷಣ ಕೊಕ್ಕೆ ಬಿಡ್ತು. ಹಿಂದೆ ಜಾಕಿ, ಒಣಗಿದ ಕಾಫಿ ಬೀಜ, ಇಲಿ ಗೂಡು ಎಲ್ಲಾ ಸಿಕ್ತು. ಗೋಡೇಲಿ ಪ್ಲಾಸ್ಟಿಕ್ ಚೌಕಟ್ಟಿಗೆ ರಬ್ಬರ್ ರೆಕ್ಕೆ ತರ ಇರೋ ಒಂದು ಕಿಂಡಿ ಇದೆ, ಕೈ ಇಟ್ರೆ ಹೊರಗೆ ತೆರ್ಕೊಳುತ್ತೆ. ಅದ್ರಲ್ಲೇ ಕೇಬಲ್ ಹಾಯ್ಸಿದ್ರೆ ಡ್ರಿಲ್ಲೇ ಬೇಡ ಅಲ್ವಾ?

ಬಿಎಂ ರೋಡ್ ಎಲೆಕ್ಟ್ರಿಷಿಯನ್:
ಬೇಡ. ಬಾಗಿಲು ಹಾಕ್ದಾಗ ಒಳಗಿನ ಗಾಳಿ ಹೊರಗೆ ಹೋಗೋಕೆ ಕಂಪನಿ ಕೊಟ್ಟಿರೋ ಕಿಂಡಿ ಅದು, ಒಂದೇ ಕಡೆಗೆ ತೆರೆಯುತ್ತೆ. ಕೇಬಲ್ ಇಟ್ರೆ ರೆಕ್ಕೆ ಪೂರ್ತಿ ಮುಚ್ಚಲ್ಲ, ಧೂಳು ನೀರು ಬಿಡಿ, ಗಾಡಿ ಓಡುವಾಗ ಸೈಲೆನ್ಸರ್ ಹೊಗೆ ಹಿಂದಿಂದ ಒಳಗೆ ಎಳ್ಕೊಳುತ್ತೆ. ಕಾರ್ಬನ್ ಮೋನಾಕ್ಸೈಡಿಗೆ ವಾಸನೇನೂ ಇಲ್ಲ, ಎಸಿ ಹಾಕಿ ಗ್ಲಾಸ್ ಮುಚ್ಚಿದ್ರೆ ಗೊತ್ತೂ ಆಗಲ್ಲ. ನೆಲದಲ್ಲಿ ಗೋಡೆ ಹತ್ರ ದುಂಡನೆ ರಬ್ಬರ್ ಬಿರಡೆ ಇದೆಯಾ ನೋಡಿ. ಇದ್ರೆ ಅದನ್ನ ತೆಗೆದು ಅದೇ ಸೈಜಿನ ರಬ್ಬರ್ ಬುಷ್ ಹಾಕಿ.

ಹಾನುಬಾಳು ತೋಟ:
ಇದೆ ಇದೆ, ಎಡಗಡೆ. ಆದ್ರೆ ಕ್ಯಾಮೆರಾ ಕೇಬಲ್ ಪಿನ್ ದಪ್ಪ, ಬುಷ್ ತೂತಲ್ಲಿ ಹೋಗ್ತಿಲ್ಲ, ಕಟ್ ಮಾಡ್ಲಾ?

ಬಿಎಂ ರೋಡ್ ಎಲೆಕ್ಟ್ರಿಷಿಯನ್:
ಕಟ್ ಮಾಡ್ಬೇಡಿ, ಆ ಕೇಬಲ್ ಜಾಯಿಂಟ್ ಮಾಡಿದ್ರೆ ಚಿತ್ರದಲ್ಲಿ ಗೆರೆ ಬರುತ್ತೆ. ದಪ್ಪ ಪಿನ್ ಸ್ಕ್ರೀನ್ ಕಡೇದು, ಕ್ಯಾಮೆರಾ ಕಡೆ ಕನೆಕ್ಟರ್ ಸಣ್ಣದಿರುತ್ತೆ, ಅದಕ್ಕೆ ಒಳಗಿಂದ ಹೊರಕ್ಕೆ ಎಳೀರಿ. ಹಳೇ ಬೈಕ್ ಕ್ಲಚ್ ಕೇಬಲ್ ಮೊದ್ಲು ತೂರ್ಸಿ, ಅದಕ್ಕೆ ಟೇಪಲ್ಲಿ ಕಟ್ಟಿ ಎಳೆದ್ರೆ ಬರುತ್ತೆ. ಹೊರಗಡೆ ಬುಷ್ಷಿನ ಕೆಳಗೆ ಕೇಬಲ್ ಒಂದು ಸುತ್ತು ಜೋಲು ಬಿಟ್ಟು ಆಮೇಲೆ ಕಟ್ಟಿ, ಕೇಬಲ್ ಮೇಲೆ ಹರಿಯೋ ಮಳೆ ನೀರು ಆ ಜೋಲಲ್ಲೇ ತೊಟ್ಟಿಕ್ಕಿ ಹೋಗುತ್ತೆ, ಒಳಗೆ ಹತ್ತಲ್ಲ. ಸಿಲಿಕಾನ್ ಹಚ್ಚೋದಾದ್ರೆ ವಿನಿಗರ್ ವಾಸನೆ ಬರೋದು ತಗೋಬೇಡಿ, ಅದು ತಾಮ್ರಾನೂ ತಗಡನ್ನೂ ತಿನ್ನುತ್ತೆ, ನ್ಯೂಟ್ರಲ್ ಅಂತ ಕೇಳಿ. ಇಲಿ ಗೂಡು ಸಿಕ್ತು ಅಂದ್ರಲ್ಲ, ವೈರಿಗೆಲ್ಲಾ ಫ್ಲೆಕ್ಸಿಬಲ್ ಪೈಪ್ ತೊಡಿಸಿ, ಇಲಿ ಅದನ್ನೂ ಕಡಿಯುತ್ತೆ ಆದ್ರೂ ಸ್ವಲ್ಪ ದಿನ ತಡೆಯುತ್ತೆ.

ಆಲ್ದೂರು ಗಾಡಿ:
ಕ್ಯಾಮೆರಾ ಕೇಬಲನ್ನ ಪಂಪ್ ವೈರ್ ಜೊತೆ ಒಂದೇ ಪೈಪಲ್ಲಿ ಹಾಕ್ಬೇಡಿ, ಪಂಪ್ ಆನ್ ಆದ್ರೆ ಸ್ಕ್ರೀನ್ ತುಂಬಾ ಗೆರೆ. ಇದು ತಮಾಷೆ ಅಲ್ಲ, ನಿಜವಾಗ್ಲೂ.

ಹಾನುಬಾಳು ತೋಟ:
ಎಲ್ಲಾ ಆಯ್ತು. 6 ಸ್ಕ್ವೇರ್ ಚಾಸಿ ಬಲಗಡೆ ಹೋಗಿದೆ, ಕ್ಯಾಮೆರಾ ಎಡಗಡೆ. ಎರಡು ಪಂಪೂ ಒಟ್ಟಿಗೆ ಹಾಕಿ ಸಾಕೆಟ್ ಹತ್ರ ಮೀಟರ್ ಹಿಡಿದೆ, ಇಂಜಿನ್ ಆನಲ್ಲಿ 13.4 ಬಂತು, ಬ್ಯಾಟರೀಲಿ 13.9. ಒಂದೇ ಡೌಟು, ಕೂರೋ ಸೀಟ್ ಒತ್ತಿ ಕೂರಿಸಿದ ಮೇಲೆ ಮಧ್ಯದ ಬೆಲ್ಟ್ ಬಕಲ್ ಕಾಣ್ತಿಲ್ಲ.

ಬಿಎಂ ರೋಡ್ ಎಲೆಕ್ಟ್ರಿಷಿಯನ್:
ಸೀಟ್ ಕೆಳಗೆ ಸಿಕ್ಕಾಕೊಂಡಿದೆ. ಮತ್ತೆ ಎತ್ತಿ, ಬಕಲ್ ಎಲ್ಲಾ ಮೇಲೆ ಎಳೆದು ಹಿಡ್ಕೊಳ್ಳೋಕೆ ಒಬ್ರನ್ನ ಕರೀರಿ, ಆಮೇಲೆ ಒತ್ತಿ.