ಕೇಸ್ ಮ್ಯಾನೇಜರ್ ಬರ್ತಾರೆ, ತಮ್ಮ ಬಾಗಿಲೇ ತೆಗೆಯಲ್ಲ

ತಮ್ಮನ ಅಕ್ಕ:
ತಮ್ಮನಿಗೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ. ಆಸ್ಪತ್ರೆಯಿಂದ ಬಂದ ಮೇಲೆ ಅವನ ಆರೈಕೆ ನೋಡಿಕೊಳ್ಳೋಕೆ ಒಬ್ಬ ಕೇಸ್ ಮ್ಯಾನೇಜರ್ ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಇವನು ರೂಮಿನ ಚಿಲಕ ಹಾಕಿಕೊಂಡು ಕೂತುಬಿಡುತ್ತಾನೆ. ಅವರು ಹೊರಗಿನಿಂದ "ಮಾತ್ರೆ ತಗೊಂಡ್ರಾ?" ಅಂತಾರೆ. ಒಳಗಿನಿಂದ "ಹ್ಞೂಂ" ಅಂತ ಬರುತ್ತೆ. ಬರೆದುಕೊಂಡು ಹೋಗುತ್ತಾರೆ, ಅಷ್ಟೇ. ಇಷ್ಟಕ್ಕೆ ಮನೆಗೆ ಯಾಕೆ ಬರಬೇಕು? ಫೋನ್ ಸಾಕಲ್ವಾ?

ಫೀಲ್ಡ್ ನರ್ಸ್:
ಮೇಡಂ, ನಾನೂ ಇದೇ ಕೆಲಸದಲ್ಲಿದ್ದೇನೆ. ಅವರ ಕೈಯಲ್ಲಿ ಎಷ್ಟು ಜನ ಇದ್ದಾರೆ ಅಂತ ಕೇಳಿ. ನಲವತ್ತು ಜನ ಅಂದರೆ ನಿಂತ ಕಾಲಲ್ಲೇ ಮಾತ್ರೆ ಕೇಳಿ ಓಡೋದೇ ಆಗುತ್ತೆ. 1970ರ ದಶಕದಲ್ಲಿ ಅಮೆರಿಕದ ಮ್ಯಾಡಿಸನ್‌ನಲ್ಲಿ ಲಿಯೊನಾರ್ಡ್ ಸ್ಟೈನ್, ಮೇರಿ ಆನ್ ಟೆಸ್ಟ್ ಮತ್ತು ಜೊತೆಗಾರರು ಮಾನಸಿಕ ಕಾಯಿಲೆಯವರನ್ನು ಆಸ್ಪತ್ರೆಯ ಹೊರಗೇ ನೋಡಿಕೊಳ್ಳುವ ಒಂದು ಪದ್ಧತಿ ಶುರು ಮಾಡಿದರು. ಅದರಲ್ಲಿ ಸುಮಾರು 10 ಜನಕ್ಕೆ ಒಬ್ಬ ಸಿಬ್ಬಂದಿ. ಅಡುಗೆ, ಬಟ್ಟೆ ಒಗೆಯೋದು, ಬಸ್ ಹತ್ತೋದು ಎಲ್ಲ ಅವರಿರುವ ಕಡೆಯೇ ಕಲಿಸುತ್ತಿದ್ದರು.

ಹಾಗಂತ ಜನ ಕಡಿಮೆ ಮಾಡಿದ ತಕ್ಷಣ ಎಲ್ಲ ಸರಿಹೋಗಲ್ಲ. ಬ್ರಿಟನ್ನಿನಲ್ಲಿ 708 ಜನರ ಮೇಲೆ ಒಂದು ಅಧ್ಯಯನ ಆಯಿತು. ಕೆಲವು ಸಿಬ್ಬಂದಿಗೆ 10-15 ಜನ, ಉಳಿದವರಿಗೆ 30-35. 1999ರಲ್ಲಿ ಫಲಿತಾಂಶ ಬಂತು: ಆಸ್ಪತ್ರೆಯಲ್ಲಿ ಕಳೆದ ದಿನಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ಸಿಕ್ಕ ಸಮಯದಲ್ಲಿ ಏನು ಮಾಡ್ತೀವಿ ಅನ್ನೋದೂ ಮುಖ್ಯ ಅಂತ ನನಗನ್ನಿಸುತ್ತೆ.

ನಾನು ನೋಡಿಕೊಳ್ಳುವ ಒಬ್ಬರು ತುಟಿ ಬಿಚ್ಚುತ್ತಲೇ ಇರಲಿಲ್ಲ. ಅವರ ಬ್ಯಾಂಕ್ ಖಾತೆ ನಿಂತುಹೋಗಿತ್ತು. ಮಾತ್ರೆ ಸುದ್ದಿ ಬಿಟ್ಟು ಜೊತೆಯಲ್ಲಿ ಬ್ಯಾಂಕಿಗೆ ಹೋದೆ. ಅರ್ಜಿಗೆ ಸಹಿ ಹಾಕುವಾಗ ಪೆನ್ನು ಗಡಗಡ ನಡುಗುತ್ತಿತ್ತು. "ಇದಕ್ಕೇ ಮಾತ್ರೆ ಬಿಟ್ಟಿದ್ದು. ನಾಲ್ಕು ಜನರ ಮುಂದೆ ನೀರಿನ ಲೋಟ ಹಿಡಿಯೋಕಾಗಲ್ಲ" ಅಂದರು. ಡಾಕ್ಟರಿಗೆ ಹೇಳಿದೆವು, ಡೋಸ್ ಇಳಿಸಿದರು. ಇದು ಫೋನಲ್ಲಿ ಗೊತ್ತಾಗ್ತಿತ್ತಾ?

ಲಿಥಿಯಂ ಗಿರಾಕಿ:
ನನಗೆ ಬೈಪೋಲಾರ್, ಮನಸ್ಸು ಒಮ್ಮೆ ಅತಿಯಾಗಿ ಏರಿ ಇನ್ನೊಮ್ಮೆ ಕುಸಿಯುವ ಕಾಯಿಲೆ. ಅಕ್ಕಾ, ಬಾಗಿಲಾಚೆ ನಿಂತು ಮಾತ್ರೆ ವಿಷಯ ಕೇಳಿದರೆ ಅಕ್ಕಪಕ್ಕದ ಮನೆಯವರಿಗೂ ಕೇಳುತ್ತೆ. ನಾನಾಗಿದ್ದರೂ ಚಿಲಕ ಹಾಕುತ್ತಿದ್ದೆ. ನಾನು ಹುಷಾರಾಗಿದ್ದಾಗಲೇ ನಮ್ಮ ಕೇಸ್ ಮ್ಯಾನೇಜರ್ ನನ್ನ ಕೈಯಲ್ಲೇ ಒಂದು ಹಾಳೆ ಬರೆಸಿದ್ದಾರೆ. ನಿದ್ದೆ ಬಿಟ್ಟು ಜಾಸ್ತಿ ಖರ್ಚು ಮಾಡೋಕೆ ಶುರು ಮಾಡಿದರೆ ಯಾರಿಗೆ ಫೋನ್ ಮಾಡಬೇಕು, ಯಾರಿಗೆ ಮಾಡಲೇಬಾರದು ಅಂತ. ಎರಡನೆಯದು ನನಗೆ ಜಾಸ್ತಿ ಮುಖ್ಯ.

ತಮ್ಮನ ಅಕ್ಕ:
ಕೇಳಿದೆ. 34 ಜನರಂತೆ, ಪಾಪ. ಮುಂದಿನ ವಾರ ಮಾತ್ರೆ ಮಾತು ಬೇಡ, ಅವನ ಕೆಟ್ಟ ಸೈಕಲ್ ನೋಡೋಣ ಅಂದಿದ್ದಾರೆ. ಇನ್ನೊಂದು ವಿಷಯ. ಮಾತ್ರೆ ಬದಲು ಇಂಜೆಕ್ಷನ್ ಕೊಡಿಸಬಹುದಾ?

ಫೀಲ್ಡ್ ನರ್ಸ್:
ಡಾಕ್ಟರ್ ಹತ್ತಿರ ಮಾತಾಡಿ, ಆದರೆ ತಮ್ಮನೂ ಜೊತೆಗಿರಲಿ. ಹ್ಯಾಲೊಪೆರಿಡಾಲ್ ಡೆಕನೊಯೇಟ್ ಅನ್ನೋ ಇಂಜೆಕ್ಷನ್ ಸಾಮಾನ್ಯವಾಗಿ 4 ವಾರಕ್ಕೊಮ್ಮೆ ಕೊಡ್ತಾರೆ. ಅದರಲ್ಲೂ ಕೈ ನಡುಕ ಬರಬಹುದು, ಅದನ್ನೂ ಕೇಳಿ.