ಕೀಮೋದಲ್ಲಿರುವ ಮಗನ ಜೊತೆ ಆಡಿದ ಹುಡುಗಿಗೆ ಅಮ್ಮ (ಚಿಕನ್ ಪಾಕ್ಸ್) ಆಗಿದೆ, ಏನು ಮಾಡಲಿ?

ಚಿಂತಾಮಣಿಯ ತಾಯಿ:
ಮಗನಿಗೆ ಆರು ವರ್ಷ, ಬ್ಲಡ್ ಕ್ಯಾನ್ಸರ್. ಬೆಂಗಳೂರಿನಲ್ಲಿ ಟ್ರೀಟ್‌ಮೆಂಟ್, ಈಗ ಮನೆಯಲ್ಲೇ ಕೀಮೋ ಮಾತ್ರೆ ಕೊಡುವ ಹಂತ. ನಿನ್ನೆ ಓರಗಿತ್ತಿಯ ಮಗಳು ಬಂದು ಇಡೀ ಮಧ್ಯಾಹ್ನ ಇವನ ಜೊತೆ ಒಂದೇ ಚಾಪೆ ಮೇಲೆ ಕೂತು ಚೌಕಾಬಾರ ಆಡಿದಳು. ಇವತ್ತು ಬೆಳಗ್ಗೆ ಅವಳ ಹೊಟ್ಟೆ, ಬೆನ್ನಿನ ಮೇಲೆ ನೀರುಗುಳ್ಳೆ ಎದ್ದಿವೆ. ಅಮ್ಮ ಆಗಿದೆ ಅಂತ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದಾರೆ. ನನ್ನ ಮಗನಿಗೆ ಜ್ವರ ಇಲ್ಲ, ಚೆನ್ನಾಗಿ ಊಟ ಮಾಡುತ್ತಿದ್ದಾನೆ. ಚೆಕಪ್ ಇರುವುದು ಮುಂದಿನ ವಾರ. ಅಲ್ಲಿವರೆಗೂ ಕಾಯಬಹುದಾ? ಅಮ್ಮ ಬಂದಾಗ ಆಸ್ಪತ್ರೆ, ಔಷಧಿ ಅನ್ನಬಾರದು ಅಂತಾರೆ ಅತ್ತೆ. ನನಗೆ ಕೈಕಾಲೇ ಆಡುತ್ತಿಲ್ಲ.

ಮುಳಬಾಗಿಲಿನ ನರ್ಸ್:
ಕಾಯಬೇಡಿ ತಂಗಿ. ಈಗಲೇ ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿ. ನಾನು ಮಕ್ಕಳ ವಾರ್ಡಿನಲ್ಲೇ ಕೆಲಸ ಮಾಡುವವಳು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಇದು ಹರಡುತ್ತದೆ. ನಿನ್ನೆ ಆಟದಲ್ಲೇ ತಗುಲಿರಬಹುದು. ಆದರೆ ಕಾಣಿಸಿಕೊಳ್ಳಲು 10ರಿಂದ 21 ದಿನ ಬೇಕು. ಹಾಗಾಗಿ ಮುಂದಿನ ವಾರವೂ ಅವನು ಆರಾಮಾಗೇ ಕಾಣಬಹುದು, ಅದನ್ನು ನಂಬಿಕೊಂಡು ಕೂರಬೇಡಿ. ಬೇರೆ ಮಕ್ಕಳಿಗೆ ಗುಳ್ಳೆ ಒಣಗಿ ಉದುರಿಹೋಗುತ್ತವೆ. ಕೀಮೋದಲ್ಲಿರುವ ಮಗುವಿಗೆ ಅದೇ ವೈರಸ್ ಶ್ವಾಸಕೋಶಕ್ಕೆ, ಲಿವರ್‌ಗೆ ಇಳಿಯಬಹುದು. ತಡೆಯಲು ಸಿಗುವುದು ಈ ನಡುವಿನ ದಿನಗಳೇ. ಇದಕ್ಕೆಂದೇ ಇರುವ ಇಮ್ಯುನೊಗ್ಲಾಬ್ಯುಲಿನ್ ಇಂಜೆಕ್ಷನ್ನನ್ನು ಆದಷ್ಟು ಬೇಗ, ತಡ ಅಂದರೂ 10 ದಿನದೊಳಗೆ ಕೊಡುತ್ತಾರೆ. ಅದು ಸಿಗದಿದ್ದರೆ ಅಸೈಕ್ಲೋವಿರ್ ಕೊಡುವುದುಂಟು. ಯಾವುದು, ಯಾವತ್ತಿನಿಂದ ಅನ್ನುವುದು ಡಾಕ್ಟರ ತೀರ್ಮಾನ. ನೀವೇ ಮೆಡಿಕಲ್ ಸ್ಟೋರ್‌ನಿಂದ ತಂದು ಕೊಡಬೇಡಿ. ಕೀಮೋ ಮಾತ್ರೆಯನ್ನೂ ನೀವಾಗೇ ನಿಲ್ಲಿಸಬೇಡಿ, ಫೋನಿನಲ್ಲೇ ಕೇಳಿ.

ಹೇಳದೆ ಕೇಳದೆ ನೇರ ಓಪಿಡಿಗೆ ಮಾತ್ರ ಹೋಗಬೇಡಿ. ಅಲ್ಲಿ ಬೆಂಚಿನ ತುಂಬಾ ಇವನಂಥ ಮಕ್ಕಳೇ ಕೂತಿರುತ್ತಾರೆ. ತಗುಲಿದ ಎಂಟನೇ ದಿನದಿಂದ ಇವನಿಂದಲೂ ಹರಡಬಹುದು ಅಂತಲೇ ಲೆಕ್ಕ, ನಿಮ್ಮ ಚೆಕಪ್ ಸರಿಯಾಗಿ ಆಗಲೇ ಬರುತ್ತದೆ! ಮೊದಲೇ ತಿಳಿಸಿದರೆ ಬೇರೆ ಕೋಣೆಗೆ ಕರೆಯುತ್ತಾರೆ.

ಜ್ವರ 100.4 ಡಿಗ್ರಿ ಮುಟ್ಟಿದರೆ ನಡುರಾತ್ರಿಯಾದರೂ ಹೊರಡಿ. ಆಸ್ಪಿರಿನ್ ಬೇಡವೇ ಬೇಡ.

ಗೌರಿಬಿದನೂರಿನ ಅಪ್ಪ:
ನನ್ನ ಮಗಳದೂ ಇದೇ ಟ್ರೀಟ್‌ಮೆಂಟ್ ಅಕ್ಕ. ಫೈಲ್ ಮುಂದಿಟ್ಟುಕೊಂಡು ಫೋನ್ ಮಾಡಿ. ಹಿಂದೆ ಅಮ್ಮ ಆಗಿತ್ತಾ, ಲಸಿಕೆ ಹಾಕಿಸಿದ್ದೀರಾ ಅಂತ ಕೇಳುತ್ತಾರೆ. ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಇದು ಇಲ್ಲ, ಅಂಗನವಾಡಿಯಲ್ಲಿ ಹಾಕಿಸಿದ್ದರಲ್ಲಿ ಸೇರಿದೆ ಅಂದುಕೊಳ್ಳಬೇಡಿ.

ಅತ್ತೆಯವರ ಜೊತೆ ಜಗಳ ಬೇಡ. ನಮ್ಮಮ್ಮನೂ ಹಾಗೇ. ಬೇವು ಕಟ್ಟಲಿ, ತಂಪು ಮಾಡಲಿ, ಅದರಿಂದ ನಷ್ಟ ಏನಿದೆ? ಫೋನ್ ಅವರ ಕೈಗೇ ಕೊಟ್ಟು ಡಾಕ್ಟರ ಹತ್ತಿರ ಮಾತಾಡಿಸಿ. ಮೊಮ್ಮಗನ ವಿಷಯ ಡಾಕ್ಟರ ಬಾಯಲ್ಲೇ ಕೇಳಿದ ಮೇಲೆ ನಮ್ಮಮ್ಮನ ವಯಸ್ಸಿನವರು ಹಟ ಮಾಡುವುದಿಲ್ಲ.

ಚಿಂತಾಮಣಿಯ ತಾಯಿ:
ಫೋನ್ ಆಯಿತು ಅಕ್ಕ. ನಾಳೆ ಬೆಳಗ್ಗೆಯೇ ಬನ್ನಿ, ಒಳಗೆ ಬರದೆ ಗೇಟಿನಲ್ಲೇ ನಿಂತು ಫೋನ್ ಮಾಡಿ ಅಂದರು. ಅತ್ತೆಯೂ ಬರುತ್ತಾರಂತೆ. ಎರಡು ವರ್ಷದ ಚಿಕ್ಕವಳೂ ಇದ್ದಾಳೆ, ಅವಳಿಗೆ ಲಸಿಕೆ ಹಾಕಿಸಬಹುದಾ?

ಮುಳಬಾಗಿಲಿನ ನರ್ಸ್:
ಸಾಮಾನ್ಯವಾಗಿ ಹಾಕಿಸಬಹುದು, ಹಾಕಿಸಿದರೆ ಅಣ್ಣನಿಗೂ ರಕ್ಷೆ. ನಾಳೆಯೇ ಕೇಳಿ. ಲಸಿಕೆ ಆದಮೇಲೆ ಅವಳ ಮೈಮೇಲೆ ಗುಳ್ಳೆ ಎದ್ದರೆ ಮಾತ್ರ ಅವನಿಂದ ದೂರ ಮಲಗಿಸಿ. ಪೋಲಿಯೊ ಹನಿ ಹಾಕಿಸುವ ಮುಂಚೆಯೂ ಮನೆಯಲ್ಲಿ ಕೀಮೋ ಮಗು ಇದೆ ಅಂತ ಹೇಳಿ, ಹನಿಯ ಬದಲು ಇಂಜೆಕ್ಷನ್ ಇದೆ.