1 ಗಿಗಾಬಿಟ್ ಲೈನ್ ಇದ್ದರೂ ಡೇಟಾ ಯಾಕೆ ತೆವಳುತ್ತಿದೆ?

ಶೇಂಗಾ ವಿದ್ಯಾರ್ಥಿನಿ, ದಾವಣಗೆರೆ:
ಶೇಂಗಾ ತಳಿಗಳ ಜೀನೋಮ್ ಮೇಲೆ ಕೆಲಸ ಮಾಡ್ತಿದ್ದೇನೆ. ಇಂಗ್ಲೆಂಡಿನ ಹಿಂಕ್ಸ್‌ಟನ್‌ನಲ್ಲಿರುವ ಯುರೋಪಿಯನ್ ನ್ಯೂಕ್ಲಿಯೊಟೈಡ್ ಆರ್ಕೈವ್ ಎಂಬ ಡಿಎನ್‌ಎ ಡೇಟಾ ಭಂಡಾರದಿಂದ 2 ಟಿಬಿ ಇಳಿಸಬೇಕು. ಕಾಲೇಜಿನ ಲೈನ್ 1 ಗಿಗಾಬಿಟ್. ಆದರೆ ಡಬ್ಲ್ಯುಗೆಟ್ (ಫೈಲ್ ಇಳಿಸುವ ಕಮಾಂಡ್) ಹಾಕಿದರೆ ಸೆಕೆಂಡಿಗೆ 1.5 ಎಂಬಿ ದಾಟುವುದೇ ಇಲ್ಲ. ಹೀಗಾದರೆ 15 ದಿನ ಬೇಕು, ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ. ಬೆಂಗಳೂರಿನ ಗೆಳತಿಯ ಸರ್ವರಿಂದ ತೆಗೆದರೆ 11 ಎಂಬಿ ಬರುತ್ತದೆ, ಅದೂ ಗೆರೆ ಎಳೆದ ಹಾಗೆ ಅಷ್ಟಕ್ಕೇ ನಿಲ್ಲುತ್ತದೆ. ದೊಡ್ಡ ಲೈನ್ ಹಾಕಿಸಿ ಅಂತ ಕೇಳಬೇಕಾ?

ಕೋಟೆನಾಡು, ಚಿತ್ರದುರ್ಗ:
ಬೇಡ ಮೇಡಂ, ಇರುವ ಲೈನೇ ಖಾಲಿ ಬಿದ್ದಿದೆ. ನಿಮಗೆ ಎರಡು ತೊಂದರೆ ಒಟ್ಟಿಗೆ ಅಂಟಿಕೊಂಡಿವೆ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 11 ಎಂಬಿಗೇ ನಿಲ್ಲುತ್ತದೆ ಅಂದರೆ ನಡುವೆ ಎಲ್ಲೋ ಲೈನ್ 100 ಮೆಗಾಬಿಟ್‌ಗೆ ಇಳಿದಿದೆ. ಕೇಬಲ್ ಯಾವ ವೇಗದಲ್ಲಿ ಕೂಡಿದೆ ಅಂತ ತೋರಿಸುವ ಎತ್‌ಟೂಲ್ ಕಮಾಂಡ್ ಹಾಕಿ ನೋಡಿ. ಗಿಗಾಬಿಟ್‌ಗೆ ಕೇಬಲಿನ ಎಂಟೂ ತಂತಿ ಬೇಕು, ಒಂದು ಕಡಿದರೂ ಎಷ್ಟೋ ಸಲ ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ.

ಇನ್ನೊಂದು ದೂರದ ತೊಂದರೆ. ಇಂಟರ್ನೆಟ್ಟಿನಲ್ಲಿ ಡೇಟಾ ಸಾಗಿಸುವ ನಿಯಮವಾದ ಟಿಸಿಪಿ ಒಂದಷ್ಟು ಡೇಟಾ ಕಳಿಸಿ, ಮುಟ್ಟಿತು ಅಂತ ಉತ್ತರ ಬರುವವರೆಗೆ ಕಾಯುತ್ತದೆ. ಪಿಂಗ್, ಅಂದರೆ ಹೋಗಿ ಬರುವ ಸಮಯ, 150 ಮಿಲಿಸೆಕೆಂಡ್ ಅಂತಿಟ್ಟುಕೊಳ್ಳಿ, 1 ಗಿಗಾಬಿಟ್ ತುಂಬಲು ಯಾವಾಗಲೂ ಸುಮಾರು 19 ಎಂಬಿ ದಾರಿಯಲ್ಲೇ ಓಡುತ್ತಿರಬೇಕು. ಎರಡು ತುದಿಗಳಲ್ಲಿ ಯಾರದೋ ಬಫರ್ (ಡೇಟಾ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ) 256 ಕೆಬಿ ಇದ್ದರೆ ಸೆಕೆಂಡಿಗೆ 1.7 ಎಂಬಿಗಿಂತ ಜಾಸ್ತಿ ಬರುವುದೇ ಇಲ್ಲ. ನಿಮ್ಮ ಅಂಕಿ ಅದರ ಹತ್ತಿರವೇ ಇದೆ ಅಲ್ವಾ? ಪ್ಯಾಕೆಟ್, ಅಂದರೆ ಸಾಗುವ ಡೇಟಾದ ಸಣ್ಣ ಕಂತೆ, ದಾರಿಯಲ್ಲಿ ಕಳೆದುಹೋದರೂ ಹೀಗೇ. ಅಮೆರಿಕದ ವಿಜ್ಞಾನ ಜಾಲ ಇಎಸ್‌ನೆಟ್‌ನವರು ಒಮ್ಮೆ 22,000 ಪ್ಯಾಕೆಟ್‌ಗೆ ಒಂದನ್ನು ಬೀಳಿಸುತ್ತಿದ್ದ ರೂಟರ್ ಕಾರ್ಡ್ ಪತ್ತೆ ಮಾಡಿದ್ದರು. ಅಷ್ಟು ಸಣ್ಣ ಸೋರಿಕೆಗೇ ದೂರದವರ ವೇಗ ನೆಲ ಕಚ್ಚುತ್ತದೆ.

ಬೆಣ್ಣೆನಗರಿ:
ಒಂದೇ ಕನೆಕ್ಷನ್ ನಂಬಬೇಡಿ. ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಲಾರಿಯನ್ನು ಒಬ್ಬನೇ ಹಮಾಲಿ ಇಳಿಸುತ್ತಾನಾ? ಫೈಲ್ ಸಾಗಿಸುವ ಗ್ಲೋಬಸ್ ಅಥವಾ ಆರಿಯಾ2 ಬಳಸಿ, ಹಲವು ಕನೆಕ್ಷನ್ ತೆರೆದು ಫೈಲನ್ನು ತುಂಡು ತುಂಡಾಗಿ ತರುತ್ತವೆ, ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಯುತ್ತವೆ. ಡಬ್ಲ್ಯುಗೆಟ್‌ಗೂ ‘-ಸಿ’ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಎಂಟು ಕನೆಕ್ಷನ್ ಸಾಕು, ಆರ್ಕೈವ್ ಎಲ್ಲರದ್ದು. ಇಳಿದ ಮೇಲೆ ಎಂಡಿ5 (ಫೈಲ್ ಕೆಡದೆ ಬಂದಿದೆಯೇ ಅಂತ ತಿಳಿಸುವ ಗುರುತು ಸಂಖ್ಯೆ) ತಾಳೆ ನೋಡುವುದನ್ನು ದಯವಿಟ್ಟು ಬಿಡಬೇಡಿ, ಪ್ರತಿ ಫೈಲಿಗೂ ಅವರೇ ಕೊಟ್ಟಿರುತ್ತಾರೆ.

ಬೆಂಗಳೂರಿನ ಡೇಟಾ ಜಾಸ್ತಿ ಇದ್ದರೆ ಡಿಸ್ಕಿಗೆ ಹಾಕಿ ಬಸ್ಸಲ್ಲಿ ತನ್ನಿ. 2017ರಲ್ಲಿ ಕಪ್ಪುಕುಳಿಯ ಚಿತ್ರಕ್ಕೆ ದಕ್ಷಿಣ ಧ್ರುವದಲ್ಲಿ ಹಿಡಿದ ಡೇಟಾ ಕೂಡ ಡಿಸ್ಕಿನಲ್ಲೇ ವಿಮಾನ ಹತ್ತಿತ್ತು, ಅದೂ ಅಲ್ಲಿನ ಚಳಿಗಾಲ ಮುಗಿಯುವವರೆಗೆ ಕಾದು.

ಶೇಂಗಾ ವಿದ್ಯಾರ್ಥಿನಿ:
ಎತ್‌ಟೂಲ್ 100 ಅಂತಲೇ ತೋರಿಸಿತು! ಮೇಜು ಸರಿಸಿ ನೋಡಿದೆ. ಕೇಬಲಿನ ತುದಿಯ ಕ್ಲಿಪ್ ಮುರಿದಿತ್ತು, ಯಾರೋ ದಾರ ಸುತ್ತಿ ಸಿಕ್ಕಿಸಿದ್ದರು, ಕಂದು ತಂತಿ ಹೊರಗೆ ಬಂದಿತ್ತು. ಹೊಸ ಕೇಬಲ್ ಹಾಕಿದ ಮೇಲೆ ಬೆಂಗಳೂರಿಂದ 100 ಎಂಬಿ ದಾಟಿತು. ಇಂಗ್ಲೆಂಡಿಂದ ಎಂಟು ಕನೆಕ್ಷನ್‌ಗೆ 12 ಎಂಬಿ, ಎರಡು ದಿನದ ಕೆಲಸ. ಮೊದಲ ನಾಲ್ಕು ಫೈಲಿನ ಎಂಡಿ5 ಸರಿ ಬಂದಿದೆ. ಬಫರ್ ನಾಳೆ ಏರಿಸಿ ನೋಡ್ತೇನೆ.